ರಟ್ಟಿನ ಮರದ ಎಲೆಗಳು

ಜನವರಿ 6, ಸೋಮವಾರ

ದಿನಕ್ಕೆ ಎಂಟು ಗಂಟೆ ನಾನು ಆಡುವ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಕೆಮ್ಮಿದರೆ ಅದೂ ಆಗುತ್ತದೆ. ಆಗದೆ ಇರುವ ಜಾಗ ಒಂದಾದರೂ ಇರಲಿ ಎಂದು ಈ ನೋಟ್‌ಬುಕ್ ತಂದಿದ್ದೇನೆ. ಇದನ್ನು ಕದ್ದು ಓದುವವರು ಮನೆಯಲ್ಲಿ ಯಾರೂ ಇಲ್ಲ. ಅತ್ತೆಗೆ ಕನ್ನಡಕ ಎಲ್ಲಿಟ್ಟೆ ಎಂಬುದೇ ನೆನಪಿರುವುದಿಲ್ಲ, ಇವರಿಗೆ ಮಂಚ ಬಿಟ್ಟು ಏಳಲು ಆಗುವುದಿಲ್ಲ.

ಇವರು ಅಂಗಡಿಗಳ ಬೋರ್ಡು ಬರೆಯುವವರು. ಹೋದ ತಿಂಗಳು ಔಷಧಿ ಅಂಗಡಿಯ ಬೋರ್ಡು ಅರ್ಧ ಬರೆದು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಈ ವರ್ಷ ಏಣಿಯ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಈಗ ಮನೆ ನಡೆಯುತ್ತಿರುವುದು ನನ್ನ ಗಂಟಲಿನ ಮೇಲೆ. ಬಟ್ಟೆ ಒಗೆಯುವ ಮಷೀನು ಮಾಡುವ ಕಂಪನಿಯಲ್ಲಿ ಗ್ರಾಹಕರ ದೂರು ಕೇಳುವುದು ನನ್ನ ಕೆಲಸ. ಆರು ಮೇಜು, ಆರು ಕುರ್ಚಿ, ಆರು ಫೋನು ಇರುವ ಕೋಣೆ, ಒಂದೇ ಕಿಟಕಿ, ಅದೂ ಮ್ಯಾನೇಜರ ಬೆನ್ನ ಹಿಂದೆ.

ಇವತ್ತು ಮ್ಯಾನೇಜರು ಹಸಿರು ಟೈ ಕಟ್ಟಿಕೊಂಡು ಬಂದರು. ಈ ವರ್ಷ ನಮಗೆ ಸುಸ್ಥಿರ ಅಭಿವೃದ್ಧಿಯ ವರ್ಷವಂತೆ. ಗೋಡೆಯ ಮೇಲೆ ಮೂರು ವೃತ್ತ ತೋರಿಸಿದರು: ಒಂದು ಪರಿಸರ, ಒಂದು ಜನ, ಒಂದು ಲಾಭ. ಮೂರೂ ಕೂಡುವ ನಡುವಿನ ಚೂರಿನಲ್ಲಿ ನಾವೆಲ್ಲ ನಿಂತಿರಬೇಕು ಎಂದರು. ಇವತ್ತಿನ ಅಗತ್ಯಕ್ಕಾಗಿ ಮುಂದಿನ ಪೀಳಿಗೆಯ ಪಾಲಿಗೆ ಕೈ ಹಾಕಬಾರದು ಎಂದೂ ಹೇಳಿದರು. ಮಾತು ಚೆನ್ನಾಗಿಯೇ ಇತ್ತು. ಅದೇ ಉಸಿರಿನಲ್ಲಿ, ಮಾರ್ಚ್ ಕೊನೆಗೆ ಆರು ಕುರ್ಚಿಯಲ್ಲಿ ಮೂರೇ ಉಳಿಯುತ್ತವೆ ಎಂದರು. ಜನರ ವೃತ್ತ ನಮ್ಮ ಕಣ್ಣೆದುರೇ ಅರ್ಧವಾಯಿತು.

ಯಾರು ಉಳಿಯಬೇಕು ಎಂಬುದನ್ನು ಮರ ಹೇಳುತ್ತದಂತೆ. ಗೋಡೆಗೆ ರಟ್ಟಿನದೊಂದು ಮರ ಅಂಟಿಸಿದ್ದಾರೆ. ಆರು ಕೊಂಬೆ, ಕೊಂಬೆಗೊಬ್ಬರ ಹೆಸರು. ದೂರು ಹೇಳಲು ಫೋನ್ ಮಾಡಿದವರ ಹಳೆಯ ಮಷೀನು ಬಿಡಿಸಿ ಹೊಸದಕ್ಕೆ ಒಪ್ಪಿಸಿದರೆ ನಮ್ಮ ಕೊಂಬೆಗೆ ಒಂದು ಪ್ಲಾಸ್ಟಿಕ್ ಎಲೆ. ಹೊಸದು ಕಡಿಮೆ ನೀರು ಕುಡಿಯುವುದರಿಂದ ಪ್ರತಿಯೊಂದು ಬದಲಿಯೂ ಭೂಮಿಗೆ ಮಾಡಿದ ಉಪಕಾರವಂತೆ. ನನಗೆ ಒಳಗೊಳಗೇ ನಗು. ಬದಲಿ ಮಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಕೋಣೆಯಲ್ಲಿ ಇನ್ನೂ ಹುಟ್ಟಿಲ್ಲ.

ಜನವರಿ 11, ಶನಿವಾರ

ಮೊದಲ ವಾರಕ್ಕೇ ನನ್ನ ಕೊಂಬೆಗೆ ಹದಿನಾಲ್ಕು ಎಲೆ. ಉಳಿದವರ ಕೊಂಬೆ ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ.

ದೊಡ್ಡ ವಿದ್ಯೆಯೇನಲ್ಲ ಇದು. ಗ್ರಾಹಕರು ದೂರು ಹೇಳುವಾಗ ನಡುವೆ ಬಾಯಿ ಹಾಕಬಾರದು. ಹೇಳಿ ಮುಗಿಸಿದ ಮೇಲೆ ಒಂದು ನಿಟ್ಟುಸಿರು ಬಿಡಬೇಕು. ಆಮೇಲೆ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಆ ಮೂರರಲ್ಲೇ ಅರ್ಧ ಜನ ಕುಸಿಯುತ್ತಾರೆ. ಕೊನೆಗೆ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕೇಳುವ ದನಿಯಲ್ಲಿ, ತಂದು ಎಷ್ಟು ವರ್ಷವಾಯಿತು ಎಂದು ಕೇಳಬೇಕು. ಅವರು ಎಂಟು ಎಂದರೆ ನಾನು ಬರಿ "ಓ" ಎನ್ನುತ್ತೇನೆ. ಹೊಸದು ತೆಗೆದುಕೊಳ್ಳುತ್ತೇವೆ ಎಂದು ಅವರೇ ಹೇಳುತ್ತಾರೆ, ಎಷ್ಟೋ ಸಲ ನನಗೇ ಸಮಾಧಾನ ಹೇಳಿ ಫೋನ್ ಇಡುತ್ತಾರೆ.

ಪಕ್ಕದ ಕುರ್ಚಿಯ ಹುಡುಗಿಗೆ ನಾನು ಮನಸ್ಸಿನಲ್ಲಿ ಇಟ್ಟಿರುವ ಹೆಸರು ಗಿಣಿ. ಕಂಪನಿ ಬರೆದುಕೊಟ್ಟ ಕಾಗದವನ್ನು ಒಂದಕ್ಷರ ಆಚೀಚೆ ಮಾಡದೆ ಓದುತ್ತಾಳೆ. ಮೊನ್ನೆ ಯಾರೋ ಮಷೀನಿನಿಂದ ಹೊಗೆ ಬರುತ್ತಿದೆ ಎಂದರೆ, ನಿಮ್ಮ ಅನಿಸಿಕೆ ಹಂಚಿಕೊಂಡಿದ್ದಕ್ಕೆ ಧನ್ಯವಾದ ಎಂದಳು. ಗಾಜಿನ ಕೋಣೆಯಲ್ಲಿ ಕಿವಿ ಸಾಹೇಬರು ಕುಳಿತಿರುತ್ತಾರೆ. ನಮ್ಮ ರೆಕಾರ್ಡುಗಳನ್ನು ಕೇಳಿ ಅಂಕ ಹಾಕುವುದು ಅವರ ಕೆಲಸ. ಬಾಯಿ ಎಷ್ಟು ಕಡಿಮೆಯೋ ಕಿವಿ ಅಷ್ಟು ದೊಡ್ಡದು. ನಾವು ಆರು ಜನ, ಅವರೊಬ್ಬರೇ, ಆದ್ದರಿಂದ ಪ್ರತಿ ಫೋನಿನದೂ ಮೊದಲ ಎರಡು ನಿಮಿಷ ಮಾತ್ರ ಕೇಳಿ ಮುಂದಕ್ಕೆ ಹೋಗುತ್ತಾರೆ.

ಜನವರಿ 21, ಮಂಗಳವಾರ

ನಮ್ಮ ಮನೆಯ ಮಷೀನೇ ಕೈಕೊಟ್ಟಿತು. ನೀರು ಹೊರಗೆ ಹೋಗದೆ ಬಟ್ಟೆಯೆಲ್ಲ ಒಳಗೇ ತೇಲುತ್ತಿದ್ದವು. ಒಂಬತ್ತು ವರ್ಷದ್ದು. ನಾನು ನಿಟ್ಟುಸಿರು ಬಿಟ್ಟು, ಮೂರು ಎಣಿಸಿ, ಪಂಪು ಹೋಗಿದೆ, ಇದರ ಕಾಲ ಮುಗಿಯಿತು ಎಂದೆ. ಆಫೀಸಿನ ದನಿಯನ್ನು ಮನೆಯೊಳಗೆ ತರಬೇಡ ಎಂದು ಇವರು ಮಂಚದಿಂದಲೇ ಹೇಳಿದರು. ಅತ್ತೆ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಕಿರಿಯ ಮಗನಿಗೆ ಫೋನ್ ಮಾಡಿದರು.

ನನ್ನ ಈ ಮೈದುನನದು ಬಸ್ ನಿಲ್ದಾಣದ ಹಿಂದೆ ಒಂದು ರಿಪೇರಿ ಅಂಗಡಿ. ಕಂಡದ್ದನ್ನೆಲ್ಲ ಬಿಚ್ಚುವ ಚಟದಿಂದ ಎಲ್ಲರ ಬಾಯಲ್ಲೂ ಬಿಚ್ಚಣ್ಣನೇ ಆಗಿದ್ದಾನೆ. ನಮ್ಮ ಮದುವೆಯ ದಿನ ಫೋಟೋದವನ ಕ್ಯಾಮೆರಾ ಬಿಚ್ಚಿ ಕೂತಿದ್ದ. ನಮಗೆ ಮದುವೆಯ ಫೋಟೋ ಇಲ್ಲದಿರುವುದು ಅವನ ಕೃಪೆ. ಅವನು ಬಂದು ಹೋದ ಮೇಲೆ ಎರಡು ದಿನ ಮನೆಯಲ್ಲಿ ಎಣ್ಣೆಯ ಕಲೆ ಒರೆಸುವುದೇ ಕೆಲಸ, ಅದಕ್ಕೇ ನಾನಾಗಿ ಕರೆಯುವುದಿಲ್ಲ.

ಬಂದವನು ಮಷೀನಿನ ಬಲಗಡೆ ಕೆಳಗಿದ್ದ ಒಂದು ಸಣ್ಣ ಮುಚ್ಚಳ ತೆಗೆದ. ಅಲ್ಲಿ ಮುಚ್ಚಳ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೆಳಗೆ ತಟ್ಟೆ ಇಟ್ಟು ಒಳಗಿನ ಜಾಲರಿಯನ್ನು ತಿರುಗಿಸಿ ಎಳೆದ. ನೀರೆಲ್ಲ ಬುಸ್ಸೆಂದು ಹೊರಗೆ ಬಂತು. ಜಾಲರಿಯಲ್ಲಿ ಎರಡು ಗುಂಡಿ, ಒಂದು ತಲೆಪಿನ್ನು ಸಿಕ್ಕಿಕೊಂಡಿದ್ದವು.

"ಪಿನ್ನು ನಿಮ್ದೇನಾ ಅತ್ತಿಗೆ?" ಎಂದು ಕೇಳಿ ಅದನ್ನು ತೊಳೆದು ನನ್ನ ಕೈಗಿಟ್ಟ.

ಎಂಟು ನಿಮಿಷ ಹಿಡಿಯಿತು. ಆರು ವರ್ಷದಿಂದ ಎಷ್ಟು ಜನಕ್ಕೆ ನಾನು ಪಂಪು ಹೋಗಿದೆ ಎಂದು ಹೇಳಿದ್ದೇನೋ, ಲೆಕ್ಕವಿಲ್ಲ. ಆದರೆ ನನ್ನ ಸಿಟ್ಟು ಅದಕ್ಕಲ್ಲ. ಅವನು ಹಾಗೆ ಹಲ್ಲು ಕಿಸಿಯಬಾರದಿತ್ತು.

ಜನವರಿ 29, ಬುಧವಾರ

ಒಂದು ಫುಟ್‌ಬಾಲ್ ತಂಡದ ಬಟ್ಟೆಬರೆ ನೋಡಿಕೊಳ್ಳುವವನ ಫೋನು ಬಂತು. ನೀರು ಹೋಗುತ್ತಿಲ್ಲ, ಒಳಗೆ ಹನ್ನೊಂದು ಜನರ ಕೆಸರು, ನಾಳೆ ಬೆಳಿಗ್ಗೆ ಪಂದ್ಯ. ನಾನು ನಿಟ್ಟುಸಿರು ಬಿಟ್ಟೆ. ಮೂರು ಎಣಿಸಿದೆ. ಎಷ್ಟು ವರ್ಷವಾಯಿತು ಎಂದು ಕೇಳಲು ಹೋದರೆ, ಮನೆಯಲ್ಲಿ ಅಗಲದ ತಟ್ಟೆ ಇದೆಯಾ ಎಂಬ ಮಾತು ಬಾಯಿಂದ ಬಿದ್ದುಹೋಯಿತು.

ಬಿಚ್ಚಣ್ಣ ತೋರಿಸಿದ್ದು ಎಲ್ಲ ಮಷೀನಿಗೂ ನಿಜವೋ, ನಮ್ಮ ಮನೆಯದಕ್ಕೆ ಮಾತ್ರವೋ ಎಂದು ಪರೀಕ್ಷೆ ಮಾಡಬೇಕಿತ್ತು, ಅಷ್ಟೇ. ಜಾಲರಿಯಲ್ಲಿ ಸಿಕ್ಕಿದ್ದು ರೆಫರಿಯ ಸೀಟಿ. ಅದು ಅವರ ತಂಡದ ಬಟ್ಟೆಯೊಳಗೆ ಹೇಗೆ ಬಂತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಖುಷಿಗೆ ಫೋನಿನಲ್ಲೇ ಒಮ್ಮೆ ಊದಿದ. ನನ್ನ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಸಿಗಬೇಕಾದ ಒಂದು ಎಲೆ ಕೈತಪ್ಪಿತು. ಪರೀಕ್ಷೆ ಮುಗಿಯಿತಲ್ಲ, ಇನ್ನು ಮಾಡುವುದಿಲ್ಲ.

ಫೆಬ್ರವರಿ 4, ಮಂಗಳವಾರ

ಇವತ್ತು ಮೂರು ಪರೀಕ್ಷೆ ಮಾಡಿದೆ.

ಹೇಗೂ ಎಲೆಯಲ್ಲಿ ನಾನೇ ಮುಂದಿದ್ದೇನೆ, ಒಂದೆರಡು ಬಿಟ್ಟರೆ ಗಂಟೇನು ಹೋಗುವುದಿಲ್ಲ. ಕಿವಿ ಸಾಹೇಬರಿಗೆ ಸಿಕ್ಕಿಬೀಳದ ದಾರಿಯನ್ನೂ ಕಂಡುಕೊಂಡಿದ್ದೇನೆ. ಮೇಜಿನ ಮೇಲೆ ಕೈಗಡಿಯಾರ ಬಿಚ್ಚಿಡುತ್ತೇನೆ. ಮೊದಲ ಎರಡು ನಿಮಿಷ ಕಂಪನಿಯ ಮಾತು, ನಿಟ್ಟುಸಿರು, ಹೊಸ ಮಷೀನಿನ ಗುಣಗಾನ. ಮುಳ್ಳು ಎರಡು ನಿಮಿಷ ದಾಟುತ್ತಲೇ ದನಿ ತಗ್ಗಿಸಿ, ಈಗ ಮೊದಲು ಪ್ಲಗ್ ತೆಗೆಯಿರಿ ಎನ್ನುತ್ತೇನೆ. ಅತ್ತ ಕಡೆಯವರು ತಬ್ಬಿಬ್ಬಾಗುತ್ತಾರೆ. ಅಷ್ಟು ಹೊತ್ತು ಸತ್ತೇಹೋಯಿತು ಎಂದ ಮಷೀನನ್ನು ಈಕೆಯೇ ಏಕೆ ಎಬ್ಬಿಸುತ್ತಿದ್ದಾಳೆ ಎಂದು ಅವರಿಗೆ ತಿಳಿಯುವುದಿಲ್ಲ. ಒಬ್ಬ ಮೇಷ್ಟರಂತೂ, ನೀವು ಫೋನನ್ನು ಬೇರೆಯವರಿಗೆ ಕೊಟ್ಟಿರಾ ಎಂದು ಕೇಳಿದರು.

ಸಂಜೆ ಬರುವಾಗ ಬಸ್ ನಿಲ್ದಾಣದಲ್ಲಿ ಇಳಿದು ಬಿಚ್ಚಣ್ಣನ ಅಂಗಡಿಗೆ ಹೋದೆ. ನೀರು ಒಳಗೇ ಬರದಿದ್ದರೆ ಏನು ನೋಡಬೇಕು ಎಂದು ಸುಮ್ಮನೆ ಕೇಳಿದೆ. ಕೊಳವೆ ಸೇರುವ ಜಾಗದಲ್ಲೊಂದು ಪುಟ್ಟ ಜಾಲರಿ ಇರುತ್ತದಂತೆ, ಅದರಲ್ಲಿ ಮಣ್ಣು ಕಟ್ಟಿಕೊಳ್ಳುತ್ತದಂತೆ. ಬರೆದುಕೊಂಡೆ. ಏನು ಅತ್ತಿಗೆ, ನನ್ನ ಹೊಟ್ಟೆಯ ಮೇಲೆ ಹೊಡೆಯೋಕೆ ಹೊರಟಿದ್ದೀರಾ ಎಂದು ನಕ್ಕ. ಆ ಅಂಗಡಿಯಲ್ಲಿ ಕೂರಲು ಒಂದು ಸ್ಟೂಲ್ ಕೂಡ ನೆಟ್ಟಗಿಲ್ಲ.

ಫೆಬ್ರವರಿ 12, ಬುಧವಾರ

ಒಬ್ಬಾಕೆ ಅಳುವುದೊಂದು ಬಾಕಿ. ಅವಳ ಹೊಸ ಮಷೀನು ನಡೆಯುತ್ತದಂತೆ. ಬಟ್ಟೆ ಹಿಂಡುವ ಹೊತ್ತಿಗೆ ಗಡಗಡ ನಡುಗಿ, ಗೋಡೆ ಬಿಟ್ಟು, ಬಚ್ಚಲಿನ ಬಾಗಿಲವರೆಗೆ ಬಂದು ನಿಲ್ಲುತ್ತದಂತೆ. ನಿನ್ನೆ ಅವಳ ಗಂಡ ಒಳಗೆ ಸ್ನಾನ ಮಾಡುತ್ತಿದ್ದಾಗ ಬಾಗಿಲಿಗೆ ಅಡ್ಡ ನಿಂತುಬಿಟ್ಟಿತು. ಅವನನ್ನು ಕಿಟಕಿಯಿಂದ ಇಳಿಸಿಕೊಳ್ಳಬೇಕಾಯಿತು. ಹೆಸರು ನೋಡಿದರೆ ಮೂರು ವಾರದ ಹಿಂದೆ ನಾನೇ ಬದಲಿ ಮಾಡಿಸಿದ ಮನೆ, ನನ್ನದೇ ಎಲೆ. ನನಗೆ ಏನೂ ತಿಳಿಯಲಿಲ್ಲ. ನಾಳೆ ನಾನೇ ಫೋನ್ ಮಾಡುತ್ತೇನೆ ಎಂದೆ.

ಬಿಚ್ಚಣ್ಣನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾರಿಯಲ್ಲಿ ಬರುವಾಗ ಒಳಗಿನ ಡಬ್ಬ ಅಲ್ಲಾಡದಿರಲಿ ಎಂದು ಕಾರ್ಖಾನೆಯವರು ಹಿಂದುಗಡೆ ನಾಲ್ಕು ಉದ್ದನೆಯ ಬೋಲ್ಟು ಬಿಗಿದು ಕಳಿಸುತ್ತಾರೆ. ಮನೆಯಲ್ಲಿ ಇಟ್ಟ ಮೇಲೆ ಅವನ್ನು ತೆಗೆಯಲೇಬೇಕು. ತೆಗೆಯದಿದ್ದರೆ ಮಷೀನಿನ ಇಡೀ ಮೈಯೇ ಕುಣಿಯುತ್ತದೆ. ನಮ್ಮವರು ಈಗ ದಿನಕ್ಕೆ ಎಷ್ಟು ಮನೆಗೆ ಮಷೀನು ಹಾಕುತ್ತಾರೆ ಎಂದು ಕೇಳಿದ. ಹದಿನಾಲ್ಕು ಎಂದೆ. ಹಾಗಾದರೆ ಬೋಲ್ಟು ಬಿಚ್ಚಲು ಅವರಿಗೆ ಪುರುಸೊತ್ತು ಎಲ್ಲಿ ಎಂದ.

ಫೆಬ್ರವರಿ 13, ಗುರುವಾರ

ನಾನು ಫೋನ್ ಮಾಡುವಷ್ಟರಲ್ಲಿ ಆ ಹೆಂಗಸು ತಾನೇ ಮಾಡಿ ಗಿಣಿಯ ಕೈಗೆ ಸಿಕ್ಕಿದ್ದಾಳೆ. ಗಿಣಿ ಕಾಗದ ನೋಡಿ ಓದಿದ್ದಾಳೆ. ಮೂರು ವಾರದ ಮಷೀನನ್ನು ಒಯ್ದು ಇನ್ನೊಂದು ಹೊಸದು ಕೊಡುವುದೆಂದು ತೀರ್ಮಾನ. ಗಿಣಿಗೆ ಎಲೆ. ಒಂದೇ ಮನೆಯ ಒಂದೇ ಮೂಲೆಯಿಂದ ಮರಕ್ಕೆ ಎರಡು ಎಲೆ ಬಂದವು.

ಮ್ಯಾನೇಜರ ಬಳಿ ಹೋಗಿ ಬೋಲ್ಟಿನ ಕಥೆ ಹೇಳಿದೆ. ಬೋಲ್ಟಿನ ಚಿತ್ರವನ್ನೂ ಬರೆದು ತೋರಿಸಿದೆ. ಅವರು ಚಿತ್ರ ಚೆನ್ನಾಗಿದೆ ಎಂದರು. ಆಮೇಲೆ ಬಾಗಿಲು ಮುಂದೆ ಮಾಡಿ, "ಮರ ನೋಡಿದಿರಾ, ಎಷ್ಟು ಹಸಿರಾಗಿದೆ. ಪರಿಸರ ಪ್ರಶಸ್ತಿ ಕೊಡೋ ಕಮಿಟಿಯವರು ಮಾರ್ಚ್ ಕೊನೆಗೆ ಬರ್ತಾರೆ. ಅಲ್ಲೀವರೆಗೆ ಯಾರೂ ಅದನ್ನ ಅಲ್ಲಾಡಿಸೋದು ಬೇಡ," ಎಂದರು.

ಮುಂದಿನ ಪೀಳಿಗೆ ಅಂದರೆ ಮುಂದಿನ ಮಾಡೆಲ್ ಎಂದು ಈ ಮನುಷ್ಯ ತಿಳಿದಂತಿದೆ.

ಫೆಬ್ರವರಿ 18, ಮಂಗಳವಾರ

ಎರಡನೆಯ ಮಷೀನೂ ನಡೆಯುತ್ತದಂತೆ. ಈ ಸಲ ಆಕೆ ನನ್ನನ್ನೇ ಕೇಳಿ ಫೋನ್ ಮಾಡಿದಳು. ಎರಡು ನಿಮಿಷ ಹವಾಮಾನ ಮಾತಾಡಿದೆ. ಆಮೇಲೆ ಗಂಡನನ್ನು ಮಷೀನಿನ ಹಿಂದೆ ಕಳಿಸಿ ನಾಲ್ಕು ಬೋಲ್ಟು ಬಿಚ್ಚಿಸಿದೆ. ಹಿಂಡಲು ಹಾಕಿದರು. ನಿಂತಲ್ಲೇ ನಿಂತಿತು. ಗಂಡ ಹಿಂದಿನಿಂದ ಏನೋ ಅಂದ. ಏನಂತೆ ಎಂದರೆ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಅಂತಿದಾರೆ ಎಂದಳು. ಆರು ವರ್ಷದಲ್ಲಿ ಯಾರೂ ನನ್ನ ಬಾಯಿಗೆ ಏನೂ ಹಾಕಿರಲಿಲ್ಲ. ಬಹಳ ಸಂತೋಷವಾಯಿತು.

ಫೆಬ್ರವರಿ 22, ಶನಿವಾರ

ಒಂದು ಫೈಲು ತರಲು ಮ್ಯಾನೇಜರು ಗೋದಾಮಿಗೆ ಕಳಿಸಿದರು. ಹಿಂದುಗಡೆಯ ಅಂಗಳದಲ್ಲಿ ನಾವು ಬದಲಿ ಮಾಡಿಸಿದ ಹಳೆಯ ಮಷೀನುಗಳೆಲ್ಲ ಇವೆ. ಒಂದರ ಮೇಲೊಂದು ನಾಲ್ಕು ಅಟ್ಟ, ಎಲ್ಲದರ ಬಾಯಿಯೂ ತೆರೆದಿದೆ. ಒಂದರ ಪಕ್ಕದ ತಗಡಿನ ಮೇಲೆ ಯಾರದೋ ಮಗುವಿನ ಎತ್ತರವನ್ನು ಪೆನ್ಸಿಲಿನಲ್ಲಿ ವರ್ಷವರ್ಷವೂ ಗುರುತು ಮಾಡಿದ್ದಾರೆ. ಸೊಂಟದವರೆಗೆ ಬಂದು ನಿಂತಿದೆ.

ಅಂಗಳ ಕಾಯುವವನು ಮಾತಿನ ಮನುಷ್ಯ. ಇದರಲ್ಲಿ ಅರ್ಧಕ್ಕರ್ಧ ಓಡುತ್ತವೆ ಅಮ್ಮ ಎಂದ. ನಾನು ನಂಬಲಿಲ್ಲ ಎಂದುಕೊಂಡನೋ ಏನೋ, ಕರೆಂಟಿನ ತಂತಿ ಎಳೆದು ಒಂದಕ್ಕೆ ಕೊಟ್ಟ. ಡಬ್ಬ ಗಿರ್ರನೆ ತಿರುಗಿತು. ಇನ್ನೊಂದಕ್ಕೆ ಕೊಟ್ಟ, ಅದೂ ತಿರುಗಿತು. ಮೂರನೆಯದಕ್ಕೆ ಹೋಗುವಾಗ ಸಾಕು ಎಂದೆ. ನನಗೆ ನಾಚಿಕೆಯಾಯಿತು.

ಸೋಮವಾರ ಇವೆಲ್ಲ ಪುಡಿಯಾಗಲು ಹೋಗುತ್ತವಂತೆ. ಹಳೆಯ ಮಾದರಿಗೆ ಬಿಡಿಭಾಗ ಕೊಡುವುದನ್ನು ಕಂಪನಿ ನಿಲ್ಲಿಸಿ ಎರಡು ವರ್ಷವಾಯಿತು, ಬಿಚ್ಚಣ್ಣ ಅದಕ್ಕೇ ಪರದಾಡುತ್ತಾನೆ. ನಾಲ್ಕು ಬೆಲ್ಟು, ಬಾಗಿಲಿನ ಎರಡು ರಬ್ಬರು ಬೇಕಿತ್ತು ಎಂದೆ. ಕಾವಲಿನವನು ಬೇಕಾದಷ್ಟು ಒಯ್ಯಿರಿ, ಹೇಗೂ ಮಣ್ಣಿಗೆ ಹೋಗೋದು ಎಂದು ತಾನೇ ಬಿಚ್ಚಿಕೊಟ್ಟ. ಗೇಟಿನಲ್ಲಿ ಯಾರಾದರೂ ಕೇಳಿಯಾರೆಂದು ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಂದೆ. ಮನೆಯಲ್ಲಿ ಡಬ್ಬಿ ತೊಳೆಯಲು ತೆಗೆದ ಅತ್ತೆ ಬೆಲ್ಟನ್ನು ಎತ್ತಿ ಹಿಡಿದು, ಇದನ್ನು ಎಷ್ಟು ಹೊತ್ತು ಬೇಯಿಸಬೇಕು ಎಂದು ಕೇಳಿದರು.

ಮಾರ್ಚ್ 3, ಸೋಮವಾರ

ನಾನು ಬದಲಿ ಮಾಡಿಸಿದ ಮನೆಗಳ ಪಟ್ಟಿ ಹಿಡಿದು ಊಟದ ಬಿಡುವಿನಲ್ಲಿ ನನ್ನ ಸ್ವಂತ ಫೋನಿನಿಂದ ಒಬ್ಬೊಬ್ಬರಿಗೇ ಕೇಳುತ್ತಿದ್ದೇನೆ: ಮಷೀನಿನ ಹಿಂದೆ ನಾಲ್ಕು ಬೋಲ್ಟು ಇವೆಯಾ, ನೋಡಿ. ಈವರೆಗೆ ಇಪ್ಪತ್ತು ಮನೆ, ಹನ್ನೊಂದರಲ್ಲಿ ಇದ್ದವು. ಒಬ್ಬರು ಮಷೀನಿಗೆ ಹಗ್ಗ ಹಾಕಿ ಕಿಟಕಿಗೆ ಕಟ್ಟಿದ್ದರು. ಇನ್ನೊಬ್ಬರ ಮನೆಯಲ್ಲಿ ಹಿಂಡುವಾಗಲೆಲ್ಲ ಅಜ್ಜ ಅದರ ಮೇಲೆ ಹತ್ತಿ ಕೂರುತ್ತಾರಂತೆ. ಬೋಲ್ಟ್ ತೆಗೆದರೆ ಅಜ್ಜನಿಗೆ ಕೆಲಸವಿಲ್ಲದಂತಾಗುತ್ತದೆ ಎಂದು ಅವರಿಗೆ ಬೇಸರ.

ಎಲೆಯಲ್ಲಿ ಮೂರನೆಯವಳಾಗಿದ್ದೇನೆ. ಮೂರನೆಯ ಕುರ್ಚಿಯೂ ಕುರ್ಚಿಯೇ.

ಮಾರ್ಚ್ 7, ಶುಕ್ರವಾರ

ಎಲೆ ಇಲ್ಲ. ಬಾಗಿಲಿನ ರಬ್ಬರು ಒಂದು, ಮಣ್ಣು ಕಟ್ಟಿದ ಜಾಲರಿ ಎರಡು, ಪ್ಲಗ್ಗೇ ಹಾಕದೆ ಫೋನ್ ಮಾಡಿದವರು ಒಬ್ಬರು. ಕೊನೆಯವರಿಗೆ ಬೈದೆ.

ಮಾರ್ಚ್ 20, ಗುರುವಾರ

ಕಿವಿ ಸಾಹೇಬರು ಗಾಜಿನ ಕೋಣೆಗೆ ಕರೆದರು. ಆರು ವರ್ಷದಲ್ಲಿ ಮೊದಲ ಸಲ. ಕೂರಲು ಹೇಳಿ ಒಂದು ರೆಕಾರ್ಡ್ ಹಾಕಿದರು. ಮೂರನೆಯ ನಿಮಿಷದಿಂದಲೇ ಹಾಕಿದರು. ನನ್ನದೇ ಪಿಸುದನಿ: ಕೆಳಗೆ ತಟ್ಟೆ ಇಡಿ, ಎಡಕ್ಕೆ ತಿರುಗಿಸಿ. ಮನೆಯಲ್ಲಿ ಮಂಚದ ಮೇಲಿರುವವರು ಕಣ್ಣೆದುರು ಬಂದರು.

"ಬೇರೆಯವರದ್ದು ಎರಡು ನಿಮಿಷ ಕೇಳ್ತೀನಿ. ನಿಮ್ದು ಪೂರ್ತಿ ಕೇಳ್ತೀನಿ," ಎಂದರು.

ಎಂದಿನಿಂದ ಎಂದು ಕೇಳಿದೆ. ಸೀಟಿ ಊದಿದ ದಿನದಿಂದಲಂತೆ. ತಟ್ಟೆಯ ಮಾತು ಕೇಳಿ ಅವತ್ತು ಎರಡು ನಿಮಿಷಕ್ಕೆ ನಿಲ್ಲಿಸದೆ ಹೆಡ್‌ಫೋನ್ ಹಾಕಿಕೊಂಡೇ ಇದ್ದಾಗ ಅದು ಅವರ ಕಿವಿಯೊಳಗೇ ಊದಿತಂತೆ. ಅವತ್ತಿನಿಂದ ಊಟದ ಹೊತ್ತಿಗೆ ಇದೇ ಅವರ ಕಾಲಕ್ಷೇಪ. ಕಂಪನಿಗೆ ಹೇಳಿಲ್ಲವಂತೆ, ಹೇಳುವುದೂ ಇಲ್ಲವಂತೆ. ಕಿಟಕಿಯಿಂದ ಇಳಿದವನಿಗೆ ಪೆಟ್ಟೇನಾದರೂ ಆಯಿತೇ ಎಂಬುದೊಂದು ಗೊತ್ತಾಗಿಲ್ಲ, ಆ ಫೋನು ನಡುವೆ ತುಂಡಾಗಿದೆ, ಅದನ್ನು ಕೇಳಲು ಕರೆದಿದ್ದರು. ಮೊಣಕೈ ತರಚಿತು ಅಷ್ಟೇ ಎಂದೆ. ಅವರಿಗೆ ಸಮಾಧಾನವಾಯಿತು.

ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು: "ಅಂಕ ಎಷ್ಟು ಬೇಕಾದ್ರೂ ಹಾಕ್ತೀನಿ ಅಮ್ಮ. ಎಲೆ ಮಾತ್ರ ನನ್ನ ಕೈಲಿಲ್ಲ."

ಮಾರ್ಚ್ 28, ಶುಕ್ರವಾರ

ಮೊದಲೆರಡು ಕುರ್ಚಿ ಯಾರಿಗೆಂದು ಗೊತ್ತಾಗಿಹೋಗಿದೆ, ಅವರನ್ನು ಇನ್ನು ಹಿಡಿಯಲಾಗುವುದಿಲ್ಲ. ಮೂರನೆಯದಕ್ಕೆ ನಾನು ಮತ್ತು ಗಿಣಿ. ಇಬ್ಬರದೂ ಐವತ್ತೆಂಟು ಎಲೆ. ಸೋಮವಾರ ಸಂಜೆ ಐದಕ್ಕೆ ಎಣಿಕೆ, ಕಮಿಟಿಯವರು ಫೋಟೋ ತೆಗೆಯಲು ಬರುತ್ತಾರೆ.

ಮನೆಗೆ ಬಂದರೆ ಇವರು ಊರುಗೋಲು ಗೋಡೆಗೊರಗಿಸಿ ಸ್ಟೂಲಿನ ಮೇಲೆ ಒಂದು ಕಾಲಿಟ್ಟಿದ್ದಾರೆ. ಕೈಯಲ್ಲಿ ಬ್ರಷ್ಷು. ಏರುವುದು ಅಭ್ಯಾಸವಾಗಲಿ ಎಂದು ನೋಡುತ್ತಿದ್ದರಂತೆ. ಬಾಯಿಗೆ ಬಂದಂತೆ ಬೈದೆ. ಇವರು ಸುಮ್ಮನೆ ಇಳಿದು ಮಂಚಕ್ಕೆ ಹೋದರು. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಈ ಕುರ್ಚಿ ಹೋದರೆ ಮೂರು ಜನ ಏನು ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆಯಲು ಭಯವಾಗುತ್ತದೆ.

ತೀರ್ಮಾನ ಮಾಡಿದ್ದೇನೆ. ಸೋಮವಾರ ಮುಚ್ಚಳವಿಲ್ಲ, ತಟ್ಟೆಯಿಲ್ಲ, ಬೋಲ್ಟಿಲ್ಲ. ನಿಟ್ಟುಸಿರು, ಮೂರು ಎಣಿಕೆ, ಎಲೆ. ಬದುಕಿದರೆ ತಾನೇ ಉಪಕಾರ.

ಮಾರ್ಚ್ 31, ಸೋಮವಾರ

ಬೆಳಗಿನಿಂದ ಫೋನಿಗೇ ಬರಗಾಲ. ಬಂದವರೂ ರಸೀದಿ ಕಳೆದುಹೋಗಿದೆ ಎನ್ನುವವರೇ. ನಾಲ್ಕೂವರೆಗೂ ಗಿಣಿಯದು ಐವತ್ತೆಂಟು, ನನ್ನದು ಐವತ್ತೆಂಟು. ಅವಳು ಉಗುರು ಕಚ್ಚುತ್ತಿದ್ದಳು. ಮ್ಯಾನೇಜರು ಮರದ ಧೂಳು ಒರೆಸುತ್ತಿದ್ದರು.

ನಾಲ್ಕು ಮೂವತ್ತೈದಕ್ಕೆ ನನ್ನ ಫೋನು ಬಂತು. ಕ್ಷೌರದ ಅಂಗಡಿಯವನು. ಮಷೀನು ಹಾಳಾಗಿದೆ, ಏಳು ವರ್ಷದ್ದು, ಹೊಸದು ಕಳಿಸಿಬಿಡಿ ಎಂದು ತಾನಾಗಿಯೇ ಹೇಳಿದ. ನಿಟ್ಟುಸಿರೂ ಬೇಕಿರಲಿಲ್ಲ. ಅಂಥ ಎಲೆ ವರ್ಷಕ್ಕೊಂದು ಸಿಗುತ್ತದೆ. ನಾನು ಬದಲಿ ದಾಖಲಿಸುವ ಹಸಿರು ಗುಂಡಿಯ ಮೇಲೆ ಬೆರಳಿಟ್ಟು, ಹೊಸದು ಗುರುವಾರ ಬರುತ್ತದೆ ಎಂದೆ. ಅವನು ಗುರುವಾರವಾ ಎಂದು ತಡೆದ. ಅರವತ್ತು ಒದ್ದೆ ಟವೆಲ್ ಬಿದ್ದಿವೆ, ಬೆಳಿಗ್ಗೆ ಏಳಕ್ಕೆ ಅಂಗಡಿ ತೆಗೆಯಬೇಕು, ಏನು ಮಾಡುವುದಕ್ಕಾಗುತ್ತದೆ, ಬರಲಿ ಎಂದ. ಮಷೀನು ಏನು ಮಾಡುತ್ತಿದೆ ಎಂದು ಬರೆದುಕೊಳ್ಳಲೇಬೇಕಲ್ಲ, ಅದಕ್ಕೆ ಕೇಳಿದೆ.

"ಮೋಟರು ಓಡೋ ಸದ್ದು ಬರುತ್ತೆ. ಡಬ್ಬ ತಿರುಗಲ್ಲ."

"ಇಷ್ಟಕ್ಕೆ ಹೊಸದು ಯಾಕ್ರೀ ನಿಮಗೆ?" ಎಂದೆ.

"ನಾನು ತಗೊಳ್ತೀನಿ ಅಂತಿದೀನಲ್ಲ ಮೇಡಂ, ನಿಮಗೇನು ಕಷ್ಟ?"

ಜಗಳವೇ ಆಯಿತು. ಹೊಸದು ಬೇಕೇ ಬೇಕು ಎಂದು ಅವನ ಹಟ, ಬೇಡ ಎಂದು ನನ್ನದು. ಗಡಿಯಾರ ನೋಡಲಿಲ್ಲ, ದನಿ ತಗ್ಗಿಸಲೂ ಇಲ್ಲ. ಗಾಜಿನ ಕೋಣೆಯಲ್ಲಿ ಕಿವಿ ಸಾಹೇಬರು ಎದ್ದು ನಿಂತಿದ್ದು ಕಾಣಿಸಿತು. ಕೊನೆಗೆ ಅವನೇ ಸೋತು ಪ್ಲಗ್ ತೆಗೆದು ಮಷೀನನ್ನು ಗೋಡೆಯಿಂದ ಎಳೆದ. ಹಿಂದಿನ ತಗಡು ಬಿಚ್ಚಲು ಕತ್ತರಿಯ ತುದಿ ಹಾಕುತ್ತೇನೆ ಎಂದ. ನಾಳೆ ಅದೇ ಕತ್ತರಿಯಲ್ಲಿ ಜನರ ತಲೆ ಮುಟ್ಟಬೇಕು, ಸುಮ್ಮನಿರಿ ಎಂದು ಗದರಿದೆ. ಪಕ್ಕದ ಸೈಕಲ್ ಅಂಗಡಿಯಿಂದ ತಿರುಪುಳಿ ತಂದ. ಎಂಟು ಸ್ಕ್ರೂ. ಒಂದು ಕೆಳಗೆ ಬಿದ್ದು ಉರುಳಿಹೋಯಿತು, ಅದನ್ನು ಹುಡುಕಲು ಎರಡು ನಿಮಿಷ.

ತಗಡು ತೆಗೆದರೆ ದೊಡ್ಡ ಚಕ್ರದಿಂದ ಬೆಲ್ಟು ಜಾರಿ ಕೆಳಗೆ ನೇತಾಡುತ್ತಿದೆ. ಮೊದಲು ಮೋಟರಿನ ಸಣ್ಣ ಚಕ್ರಕ್ಕೆ ಹಾಕಿ, ಆಮೇಲೆ ದೊಡ್ಡದರ ಅಂಚಿಗೆ ಸ್ವಲ್ಪ ಸಿಕ್ಕಿಸಿ, ಕೈಯಲ್ಲೇ ಚಕ್ರ ತಿರುಗಿಸಿ, ಬೆರಳು ಜೋಪಾನ ಎಂದೆ. ಅವನು ಬುಸುಗುಡುವುದು ಕೇಳುತ್ತಿತ್ತು. ಯಾರೋ ನನ್ನ ಪಕ್ಕದಿಂದ ಎದ್ದು ಕೈಯಲ್ಲೊಂದು ಎಲೆ ಹಿಡಿದು ಮರದ ಕಡೆ ಹೋದರು. ಯಾರೋ ಚಪ್ಪಾಳೆ ತಟ್ಟಿದರು. ನಾನು ಕೈಯೆತ್ತಿ ಸದ್ದು ಮಾಡಬೇಡಿ ಎಂದೆ, ಡಬ್ಬ ತಿರುಗುವ ಸದ್ದಿಗೆ ಕಾಯುತ್ತಿದ್ದೆ. ಅವನು ಪ್ಲಗ್ ಹಾಕಿದ. ಮೊದಲು ಗುರ್ ಎಂದಿತು, ಆಮೇಲೆ ಆ ಸದ್ದು ಬಂತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ಕೇಳಿದೆವು.

ಫೋನ್ ಇಟ್ಟಾಗ ಐದು ಹತ್ತು. ಮರದ ಮುಂದೆ ಫೋಟೋ ನಡೆಯುತ್ತಿತ್ತು. ಗಿಣಿ ನನ್ನ ಹತ್ತಿರ ಬಂದು ಏನೋ ಹೇಳಿದಳು, ಅವಳ ಕಣ್ಣು ಒದ್ದೆಯಾಗಿತ್ತು. ಚೆನ್ನಾಗಿರು ಎಂದು ಅವಳ ಕೆನ್ನೆ ತಟ್ಟಿ ಬಂದೆ.

ಮನೆಯ ಬಾಗಿಲಲ್ಲೇ ಇವರು ಊರುಗೋಲು ಊರಿಕೊಂಡು ನಿಂತಿದ್ದರು, ಹಿಂದೆ ಅತ್ತೆ.

"ಏನಾಯ್ತು?" ಎಂದು ಇವರು ಕೇಳಿದರು.

"ಬೆಲ್ಟು ಜಾರಿತ್ತು ಅಷ್ಟೇ. ಕೂರಿಸಿದ್ವಿ."

"ನಾನು ಕೇಳಿದ್ದು ನಿನ್ನ ಕುರ್ಚಿ."

ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತು ಬಂದಿದ್ದೆ. ಇದನ್ನು ಮನೆಯಲ್ಲಿ ಹೇಗೆ ಹೇಳುವುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹೋಯಿತು ಎಂದೆ. ಬಾಯಿಬಿಟ್ಟು ಹೇಳಿದ ಮೇಲೆ ಅಳು ಬಂತು, ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇವರು ಕಷ್ಟಪಟ್ಟು ಪಕ್ಕದಲ್ಲಿ ಕೂತರು. ಅತ್ತೆ ಒಳಗೆ ಹೋಗಿ ನೀರು ತಂದುಕೊಟ್ಟು, ಲೋಟ ಖಾಲಿಯಾಗುವವರೆಗೂ ನಿಂತಿದ್ದರು.

"ಅಲ್ಲ ಕಣೆ, ಆ ಬೆಲ್ಟು ನಾಳೆ ಮತ್ತೆ ಜಾರಿದ್ರೆ ಅವನು ಯಾರಿಗೆ ಫೋನ್ ಮಾಡ್ಬೇಕು?" ಎಂದು ಅತ್ತೆ ಕೇಳಿದರು.

"ನನ್ನ ನಂಬರ್ ಕೊಟ್ಟಿದೀನಲ್ಲ," ಎಂದೆ.